ಜಿಪಿಎ ಕಡಿಮೆ ಇದ್ದರೂ ಅಮೆರಿಕದಲ್ಲಿ ಡಾಕ್ಟರ್ ಆಗಬೇಕೆ? ಆತುರ ಬಿಟ್ಟು ಹೀಗೆ ಮಾಡಿ

ಅಮೆರಿಕದಲ್ಲಿ ಮೆಡಿಕಲ್ ಸೇರಬೇಕಾದರೆ ಮೊದಲು ನಾಲ್ಕು ವರ್ಷದ ಡಿಗ್ರಿ ಆಗಬೇಕು. ಹೈಸ್ಕೂಲಿನಿಂದ ನೇರವಾಗಿ ಸೇರಿಸಿಕೊಳ್ಳುವ ಬೆರಳೆಣಿಕೆಯ ಕೋರ್ಸುಗಳನ್ನು ಬಿಟ್ಟರೆ ಎಲ್ಲರಿಗೂ ಇದೇ ದಾರಿ. ನಮ್ಮೂರಲ್ಲಿ ನೀಟ್ ಒಂದನ್ನು ಚೆನ್ನಾಗಿ ಬರೆದರೆ ಫಸ್ಟ್ ಪಿಯುಸಿಯಲ್ಲಿ ಎಷ್ಟು ತೆಗೆದಿದ್ದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಮೊದಲ ಸಲ ಮನೆ ಬಿಟ್ಟು ಹೋದ ಹದಿನೆಂಟರ ಹುಡುಗ ಮೊದಲ ಸೆಮಿಸ್ಟರಿನಲ್ಲಿ ತೆಗೆದ ಸಿ ಗ್ರೇಡು ಕೂಡ ಅವನ ಅರ್ಜಿಯ ಜೊತೆ ಬರುತ್ತದೆ.

4ಕ್ಕೆ 2.7, 3.0, 3.2 ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಇಟ್ಟುಕೊಂಡು ಕಂಗಾಲಾಗಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಅಪ್ಪ ಅಮ್ಮಂದಿರೂ ಓದಲಿ. ಮೊದಲು ನಿಜ ಹೇಳಿಬಿಡುತ್ತೇನೆ. ಎಂಡಿ (ನಮ್ಮ ಎಂಬಿಬಿಎಸ್ ಥರ ಇಲ್ಲಿಯ ಮೊದಲ ಮೆಡಿಕಲ್ ಡಿಗ್ರಿ) ಕಾಲೇಜುಗಳಿಗೆ ಸೇರುವವರ ಸರಾಸರಿ ಜಿಪಿಎ ಈಗ 3.8ರ ಹತ್ತಿರ ಇದೆ, ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಸ್ಕೋರು 511-512. ಡಿಓ (ಆಸ್ಟಿಯೋಪಥಿಕ್ ಮೆಡಿಸಿನ್, ಡಾಕ್ಟರ್ ಆಗಲು ಇರುವ ಇನ್ನೊಂದು ಡಿಗ್ರಿ) ಕಾಲೇಜುಗಳಲ್ಲಿ ಜಿಪಿಎ 3.6ರ ಆಸುಪಾಸು, ಎಂಕ್ಯಾಟ್ 504ರ ಆಸುಪಾಸು. ಅಂದರೆ ನೀವು ಹಿಂದಿದ್ದೀರಿ, ಸುಮಾರು ಹಿಂದೆಯೇ ಇದ್ದೀರಿ. ಆದರೆ ಸರಾಸರಿ ಅಂದರೆ ಅದಕ್ಕಿಂತ ಕೆಳಗಿದ್ದವರೂ ಸೇರಿದ್ದಾರೆ ಅಂತಲೇ ಅಲ್ವಾ? ಪ್ರತಿ ವರ್ಷ ಕಡಿಮೆ ಜಿಪಿಎ ಇಟ್ಟುಕೊಂಡೇ ಸೀಟು ಪಡೆಯುವವರು ಇದ್ದಾರೆ. ನಾನು ನೋಡಿದ ಮಟ್ಟಿಗೆ ಇಂಥ ಮಕ್ಕಳನ್ನು ಜಿಪಿಎಗಿಂತ ಜಾಸ್ತಿ ಹಾಳು ಮಾಡುವುದು ಆತುರ. "ಒಂದು ಸಲ ಹಾಕಿ ನೋಡೋಣ, ಸಿಕ್ಕರೆ ಸಿಗಲಿ" ಅಂತ ತಯಾರಿ ಇಲ್ಲದೆ ಅರ್ಜಿ ಹಾಕುವುದು, ಜಿಪಿಎ ಸರಿ ಮಾಡುವ ಮೊದಲೇ ಎಂಕ್ಯಾಟ್ ಬರೆದುಬಿಡುವುದು, ಗೆಳೆಯರೆಲ್ಲ ಮುಂದೆ ಹೋದರು ಅಂತ ಸಿಕ್ಕ ಮಾಸ್ಟರ್ಸ್‌ಗೆ ಸೇರಿಕೊಳ್ಳುವುದು. ಕೆಲಸ ಅದೇ, ಆದರೆ ಸರಿಯಾದ ಸಾಲಿನಲ್ಲಿ ಮಾಡಬೇಕು.

ಮೊದಲು: ನಿಮ್ಮ ನಿಜವಾದ ಜಿಪಿಎ ಎಷ್ಟು ಅಂತ ತಿಳಿದುಕೊಳ್ಳಿ

ಕಾಲೇಜಿನ ಪೋರ್ಟಲ್‌ನಲ್ಲಿ ಕಾಣುವ ಸಂಖ್ಯೆಯನ್ನು ನಂಬಬೇಡಿ. ಎಂಡಿ ಕಾಲೇಜುಗಳ ಅರ್ಜಿ ಹೋಗುವುದು ಆಮ್ಕ್ಯಾಸ್ ಎನ್ನುವ ಸೇವೆಯ ಮೂಲಕ. ಅದನ್ನು ನಡೆಸುವುದು ಎಎಎಂಸಿ, ಅಂದರೆ ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ. ಅವರು ನಿಮ್ಮ ಎಲ್ಲ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತರಿಸಿಕೊಂಡು ತಮ್ಮದೇ ಲೆಕ್ಕ ಹಾಕುತ್ತಾರೆ. ಹೈಸ್ಕೂಲಿನಲ್ಲಿ ಇದ್ದಾಗ ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಒಂದು ಕೋರ್ಸು, ಬೇಸಿಗೆಯಲ್ಲಿ ಬೇರೆ ಊರಲ್ಲಿ ಮಾಡಿದ ಒಂದು ಕ್ಲಾಸು, ಎಲ್ಲವೂ ಸೇರುತ್ತದೆ.

ದೊಡ್ಡ ಪೆಟ್ಟು ಬೀಳುವುದು ಮತ್ತೆ ತೆಗೆದುಕೊಂಡ ಕೋರ್ಸುಗಳಲ್ಲಿ. 4 ಕ್ರೆಡಿಟ್ಟಿನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನಿಮಗೆ ಸಿ ಮೈನಸ್ ಬಂತು ಅಂತಿಟ್ಟುಕೊಳ್ಳಿ. ಮುಂದಿನ ವರ್ಷ ಮತ್ತೆ ಕೂತು ಎ ತೆಗೆದಿರಿ. ಹಲವು ಕಾಲೇಜುಗಳು ಹಳೆಯದನ್ನು ಅಳಿಸಿ 4.0 ಅಂತ ತೋರಿಸುತ್ತವೆ. ಆಮ್ಕ್ಯಾಸ್ ಎರಡನ್ನೂ ಕೂಡುತ್ತದೆ: ಸಿ ಮೈನಸ್‌ಗೆ 1.7 ಗುಣಿಸು 4, ಅಂದರೆ 6.8, ಎ ಗ್ರೇಡಿಗೆ 16, ಒಟ್ಟು 22.8, ಅದನ್ನು 8ರಿಂದ ಭಾಗಿಸಿದರೆ 2.85. ಡಿಓ ಕಾಲೇಜುಗಳ ಅರ್ಜಿ ಸೇವೆ ಅಕೋಮಾಸ್ ಮೊದಲು ಹೊಸ ಗ್ರೇಡನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. 2017ರಲ್ಲಿ ಅದೂ ನಿಂತಿತು. ಇನ್ನೂ ಕೆಲವರು "ಡಿಓಗೆ ಆದರೆ ಹಳೆ ಗ್ರೇಡು ಹೋಗುತ್ತೆ" ಅಂತ ಹೇಳುತ್ತಿರುತ್ತಾರೆ, ಅದು ಹಳೆಯ ಕಥೆ.

ಆದ್ದರಿಂದ ಒಂದು ಸ್ಪ್ರೆಡ್‌ಶೀಟ್ ತೆಗೆಯಿರಿ. ಒಂದು ಸಾಲಿಗೆ ಒಂದು ಕೋರ್ಸು. ಹೆಸರು, ವರ್ಷ, ಕ್ರೆಡಿಟ್, ಗ್ರೇಡ್, ಅಂಕ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ವಿಜ್ಞಾನವೋ ಅಲ್ಲವೋ ಅಂತ ಗುರುತು ಹಾಕಿ. ಆಮ್ಕ್ಯಾಸ್ ಲೆಕ್ಕದಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕೇ ಸೈನ್ಸ್ ಜಿಪಿಎಗೆ ಸೇರುವುದು. ಸ್ಟ್ಯಾಟಿಸ್ಟಿಕ್ಸ್ ಗಣಿತದಲ್ಲಿ ಬರುತ್ತದೆ, ನ್ಯೂರೋಸೈನ್ಸ್ ಬಯಾಲಜಿಯಲ್ಲಿ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಸೈಕಾಲಜಿ ಬರುವುದಿಲ್ಲ. ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ಸೈನ್ಸ್ ಮಾಡಿ ಆಮೇಲೆ ಮೆಡಿಕಲ್ ಕಡೆ ಮನಸ್ಸು ಮಾಡುವವರು ತುಂಬ ಜನ, ಅವರು ಇದನ್ನು ಗಮನಿಸಬೇಕು. ಕೊನೆಗೆ ವರ್ಷವಾರು ಜಿಪಿಎ ಕೂಡ ತೆಗೆಯಿರಿ. ಆಮ್ಕ್ಯಾಸ್ ಮೊದಲ ವರ್ಷ, ಎರಡನೇ ವರ್ಷ ಅಂತ ಒಂದೊಂದು ಸಾಲಾಗಿ ಕಾಲೇಜುಗಳಿಗೆ ಕಳಿಸುತ್ತದೆ. ಬಿದ್ದದ್ದು ಎಲ್ಲಿ, ಎದ್ದದ್ದು ಎಲ್ಲಿ ಅಂತ ಓದುವವರಿಗೆ ಒಂದೇ ನೋಟಕ್ಕೆ ಕಾಣುತ್ತದೆ.

ಇಂಡಿಯಾದಲ್ಲಿ ಬಿಎಸ್‌ಸಿ ಮಾಡಿ ಮದುವೆಯಾಗಿ ಇಲ್ಲಿಗೆ ಬಂದು, ಈಗ ಡಾಕ್ಟರ್ ಆಗಬೇಕು ಅಂತ ಹೊರಟವರಿಗೆ ಒಂದು ಮಾತು. ನಿಮ್ಮ ಅಲ್ಲಿಯ ಅಂಕಗಳು ಆಮ್ಕ್ಯಾಸ್ ಜಿಪಿಎಗೆ ಸೇರುವುದೇ ಇಲ್ಲ. ಕಡಿಮೆ ಇದ್ದವರಿಗೆ ಇದು ಒಳ್ಳೆಯದೇ. ಆದರೆ ಬಹಳಷ್ಟು ಕಾಲೇಜುಗಳು ಅಮೆರಿಕದಲ್ಲೋ ಕೆನಡಾದಲ್ಲೋ ಓದಿದ ಕ್ರೆಡಿಟ್ಟುಗಳನ್ನೇ ಕೇಳುತ್ತವೆ, ಅದಕ್ಕೆ ಇಲ್ಲಿ ಮತ್ತೆ ಕೂತು ಓದಬೇಕಾಗುತ್ತದೆ.

ಎರಡನೆಯದು: ಯಾಕೆ ಬಿತ್ತು ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ

ಇದನ್ನು ಹಾರಿಸಿಕೊಂಡು ಮುಂದಿನ ಹೆಜ್ಜೆಗೆ ಹೋಗುವವರೇ ಹೆಚ್ಚು. ದಯವಿಟ್ಟು ಹಾರಿಸಬೇಡಿ. ವಾರಕ್ಕೆ 25 ಗಂಟೆ ಕೆಲಸ ಮಾಡುತ್ತಿದ್ದಿರಾ? ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲವೆ? ನಿಮಗೇ ಮನಸ್ಸು ಸರಿ ಇರಲಿಲ್ಲವೆ? ಹೈಸ್ಕೂಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಎ ತೆಗೆಯುತ್ತಿದ್ದವರು ಕಾಲೇಜಿನಲ್ಲೂ ಹಾಗೇ ಮಾಡಿ ಬಿದ್ದಿರಾ? ಅಪ್ಪ ಅಮ್ಮ ಹೇಳಿದರು ಅಂತ ಪ್ರಿ-ಮೆಡ್ (ಮೆಡಿಕಲ್ ಸೇರಲು ಬೇಕಾದ ಡಿಗ್ರಿ ಕೋರ್ಸುಗಳು) ಹಿಡಿದಿರಾ, ನಿಮಗೆ ನಿಜವಾಗಿ ಇಷ್ಟವಿತ್ತೆ?

ಕಾರಣ ಇನ್ನೂ ಹಾಗೇ ಇದ್ದರೆ ಹೊಸ ಕೋರ್ಸು ಸೇರಿ ಪ್ರಯೋಜನವಿಲ್ಲ, ಹೊಸ ಬಿ ಮೈನಸ್‌ಗಳು ಬರುತ್ತವೆ ಅಷ್ಟೇ. ಮನಸ್ಸಿನ ಆರೋಗ್ಯದ ವಿಷಯವಾದರೆ ಕಾಲೇಜಿನ ಕೌನ್ಸೆಲಿಂಗ್ ಕೇಂದ್ರಕ್ಕೆ ಹೋಗಿ. ನಮ್ಮವರಲ್ಲಿ ಇದನ್ನು ಮುಚ್ಚಿಡುವ ಅಭ್ಯಾಸ ಜಾಸ್ತಿ, ಎರಡು ವರ್ಷ ಒಳಗೊಳಗೇ ನರಳಿ ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಕೆಟ್ಟ ಮೇಲೆ ಮನೆಯಲ್ಲಿ ಹೇಳುವ ಮಕ್ಕಳಿದ್ದಾರೆ. ಗಮನ ನಿಲ್ಲದ ತೊಂದರೆ ಇದ್ದರೆ ಪರೀಕ್ಷೆ ಮಾಡಿಸಿ, ಕಾಲೇಜಿನಲ್ಲಿ ಹೆಚ್ಚುವರಿ ಸಮಯ ಕೇಳುವ ಹಕ್ಕು ನಿಮಗಿದೆ. ಎಂಕ್ಯಾಟ್‌ನಲ್ಲೂ ಅದಕ್ಕೆ ಅರ್ಜಿ ಹಾಕಬಹುದು.

ಇನ್ನೂ ಓದುತ್ತಿರುವವರು, ಈಗಿನ ಸೆಮಿಸ್ಟರ್ ಕೈ ಜಾರುತ್ತಿದೆ ಅನಿಸಿದರೆ, ಕೋರ್ಸು ಬಿಡುವ ಕೊನೆಯ ದಿನಾಂಕ ಯಾವುದು ಅಂತ ಇವತ್ತೇ ನೋಡಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಒಂದು ಡಬ್ಲ್ಯೂ (ಕೋರ್ಸನ್ನು ನಡುವೆ ಬಿಟ್ಟ ಗುರುತು) ಇದ್ದರೆ ಜಿಪಿಎಗೆ ಏನೂ ಆಗುವುದಿಲ್ಲ, ಡಿ ಬಂದರೆ ವರ್ಷಗಟ್ಟಲೆ ಎಳೆಯುತ್ತದೆ. ಸಾಲುಸಾಲಾಗಿ ಡಬ್ಲ್ಯೂ ಇರಬಾರದು, ಒಂದೆರಡಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕಾಯಿಲೆಯಿಂದಲೇ ಇಡೀ ಸೆಮಿಸ್ಟರ್ ಹೋಗಿದ್ದರೆ, ಆಸ್ಪತ್ರೆಯ ಕಾಗದ ಪತ್ರ ಇದ್ದರೆ, ಮುಗಿದುಹೋದ ಸೆಮಿಸ್ಟರಿನ ಕೋರ್ಸುಗಳನ್ನೂ ಬಿಟ್ಟಂತೆ ಬರೆಸಿಕೊಳ್ಳಲು ಕೆಲವು ಕಾಲೇಜುಗಳು ಬಿಡುತ್ತವೆ. ಡೀನ್ ಕಚೇರಿಯಲ್ಲಿ ಕೇಳಿ. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಮೂರನೆಯದು: ಎಷ್ಟು ಏರಬಹುದು ಅಂತ ಲೆಕ್ಕ ಹಾಕಿ

120 ಕ್ರೆಡಿಟ್ ಮುಗಿದಿದೆ, ಜಿಪಿಎ 2.9 ಅಂತಿರಲಿ. ಇನ್ನು 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತೆಗೆದರೆ 3.12 ಆಗುತ್ತದೆ. 60 ಕ್ರೆಡಿಟ್ ಓದಿ ಎಲ್ಲ ಎ ತೆಗೆದರೂ 3.27. ಎರಡು ವರ್ಷದ ಪೂರ್ತಿ ದುಡಿಮೆಗೆ ಇಷ್ಟೇನಾ ಅಂತ ಬೇಜಾರಾಗುವುದು ಸಹಜ. ಆದರೆ ಸೈನ್ಸ್ ಜಿಪಿಎ ನೋಡಿ: 50 ಕ್ರೆಡಿಟ್‌ಗೆ 2.7 ಇದ್ದದ್ದು, 30 ಕ್ರೆಡಿಟ್ ಎ ಸೇರಿದರೆ 3.19ಕ್ಕೆ ಬರುತ್ತದೆ. ಅಲ್ಲಿ ಏರಿಕೆ ಬೇಗ ಕಾಣುತ್ತದೆ.

ಒಟ್ಟು ಜಿಪಿಎ 3.0 ದಾಟಿಸುವುದಂತೂ ಮುಖ್ಯ, ಯಾಕೆಂದರೆ ಹಲವು ಕಡೆ ಅದಕ್ಕಿಂತ ಕೆಳಗಿನ ಅರ್ಜಿಯನ್ನು ಯಾರೂ ಓದುವ ಮೊದಲೇ ಬದಿಗಿಡುತ್ತಾರೆ. ಅದು ದಾಟಿದ ಮೇಲೆ ನಿಮ್ಮ ಪರ ಮಾತಾಡುವುದು ಕೊನೆಯ ಎರಡು ವರ್ಷದ ಗ್ರೇಡುಗಳು. 2.4, 2.8, 3.3, 3.7, ಆಮೇಲೆ ಡಿಗ್ರಿ ಮುಗಿಸಿ ಮತ್ತೆ ಓದಿದ ಪೋಸ್ಟ್‌ಬ್ಯಾಕ್‌ನಲ್ಲಿ 3.9 ಅಂತ ಸಾಲಾಗಿ ಏರಿದ ಅರ್ಜಿ ಒಂದು ಕಡೆ. ನಾಲ್ಕೂ ವರ್ಷ 3.2ರಲ್ಲೇ ನಿಂತ ಅರ್ಜಿ ಇನ್ನೊಂದು ಕಡೆ. ಒಟ್ಟು ಜಿಪಿಎ ಎರಡರದ್ದೂ ಹೆಚ್ಚುಕಮ್ಮಿ ಒಂದೇ ಇರಬಹುದು, ಕರೆ ಬರುವ ಸಾಧ್ಯತೆ ಮೊದಲನೆಯವರಿಗೇ ಜಾಸ್ತಿ.

ನಾಲ್ಕನೆಯದು: ಮತ್ತೆ ಓದುವುದು ಎಲ್ಲಿ, ಏನನ್ನು

ಇಲ್ಲಿ ದುಡ್ಡೂ ಹೋಗುತ್ತದೆ, ವರ್ಷವೂ ಹೋಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಿಗ್ರಿ ಮುಗಿದ ಮೇಲೆ ಮತ್ತೆ ಡಿಗ್ರಿ ಮಟ್ಟದ ವಿಜ್ಞಾನದ ಕೋರ್ಸು ಓದುವುದಕ್ಕೆ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ. ಈ ಗ್ರೇಡುಗಳು ನಿಮ್ಮ ಹಳೆಯ ಜಿಪಿಎ ಜೊತೆ ಸೇರುತ್ತವೆ, ಪ್ರತ್ಯೇಕ ಸಾಲಿನಲ್ಲೂ ಕಾಣುತ್ತವೆ. ಇದರಲ್ಲಿ ಎರಡು ಬಗೆ. ಪ್ರಿ-ಮೆಡ್ ಕೋರ್ಸೇ ಮಾಡದೆ ಬೇರೆ ವಿಷಯದಿಂದ ಬಂದವರಿಗೆ ಒಂದು, ಮಾಡಿ ಗ್ರೇಡು ಕೆಟ್ಟವರಿಗೆ ಇನ್ನೊಂದು. ಬ್ರಿನ್ ಮಾರ್, ಗೌಚರ್ ಇವೆಲ್ಲ ಹೆಸರುವಾಸಿ, ಆದರೆ ಅವು ಮೊದಲ ಬಗೆಯವು. ಆರ್ಗ್ಯಾನಿಕ್ ಕೆಮಿಸ್ಟ್ರಿ ಆಗಲೇ ಮಾಡಿ ಸಿ ತೆಗೆದವರು ಅಲ್ಲಿ ಅರ್ಜಿ ಹಾಕಿ ಸುಮ್ನೆ ಫೀಸು ಕಳೆದುಕೊಳ್ಳಬೇಡಿ. ಎಎಎಂಸಿ ವೆಬ್‌ಸೈಟಿನಲ್ಲಿ ಪೋಸ್ಟ್‌ಬ್ಯಾಕ್ ಕೋರ್ಸುಗಳ ಪಟ್ಟಿ ಉಚಿತವಾಗಿ ಸಿಗುತ್ತದೆ, ಗ್ರೇಡು ಸುಧಾರಿಸಿಕೊಳ್ಳುವವರಿಗೆ ಅಂತಲೇ ಬೇರೆ ವಿಭಾಗ ಮಾಡಿದ್ದಾರೆ, ಅದನ್ನು ಆರಿಸಿ ಹುಡುಕಿ.

ನಿಜ ಹೇಳಬೇಕೆಂದರೆ ತುಂಬ ಜನರಿಗೆ ಹೆಸರಿರುವ ಕೋರ್ಸೇ ಬೇಕಿಲ್ಲ. ಮನೆ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಡಿಗ್ರಿಗಾಗಿ ಅಲ್ಲದೆ ಬಿಡಿ ಕೋರ್ಸುಗಳ (ನಾನ್-ಡಿಗ್ರಿ) ವಿದ್ಯಾರ್ಥಿಯಾಗಿ ಸೇರಿಕೊಂಡು, ಬೇಕಾದ ಕೋರ್ಸು ಮಾತ್ರ ಆರಿಸಿ ಓದಬಹುದು. ಯುಸಿ ಬರ್ಕ್ಲಿ, ಯುಸಿಎಲ್‌ಎ, ಹಾರ್ವರ್ಡ್ ಇವುಗಳ ಎಕ್ಸ್‌ಟೆನ್ಷನ್ ವಿಭಾಗಗಳಲ್ಲಿ ಕೆಲಸ ಮಾಡುತ್ತಲೇ ಸಂಜೆ ಓದುವ ಅವಕಾಶವೂ ಇದೆ. ಖರ್ಚು ತುಂಬ ಕಡಿಮೆ ಆಗುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಕೋರ್ಸು ತೆಗೆದುಕೊಂಡು ಎ ತೆಗೆದರೆ ಅದಕ್ಕೆ ಅಷ್ಟು ಬೆಲೆ ಇಲ್ಲ. ಮೆಡಿಕಲ್ ಕಾಲೇಜಿನಲ್ಲಿ ಭಾರ ಹೊರಬಲ್ಲಿರಿ ಅಂತ ತೋರಿಸಬೇಕಲ್ಲ, ಕೊನೆಗೆ ಒಂದು ಸೆಮಿಸ್ಟರಾದರೂ ಮೂರು ನಾಲ್ಕು ಗಟ್ಟಿ ಕೋರ್ಸು ಒಟ್ಟಿಗೆ ತೆಗೆದುಕೊಳ್ಳಿ.

ಯಾವ ಕೋರ್ಸು? ಕಡ್ಡಾಯ ವಿಷಯದಲ್ಲಿ ಸಿ ಮೈನಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮತ್ತೆ ಮಾಡಲೇಬೇಕು. ಸಿ ಇದ್ದರೆ ಯೋಚಿಸಿ. ಬಿ ಇದ್ದದ್ದನ್ನು ಮತ್ತೆ ಮಾಡಬೇಡಿ, ಅದು ಸಮಯ ದಂಡ. ಅದರ ಬದಲು ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಸೆಲ್ ಬಯಾಲಜಿ, ಜೆನೆಟಿಕ್ಸ್, ಮೈಕ್ರೋಬಯಾಲಜಿ, ಇಮ್ಯುನಾಲಜಿ ಇಂಥ ಮೇಲಿನ ಹಂತದ ಕೋರ್ಸು ಆರಿಸಿ. ಹಳೆಯ ಜನರಲ್ ಕೆಮಿಸ್ಟ್ರಿಯಲ್ಲಿ ಸಿ, ಈಗ ಬಯೋಕೆಮಿಸ್ಟ್ರಿಯಲ್ಲಿ ಎ ಅಂದರೆ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಎಂಕ್ಯಾಟ್‌ಗೂ ಬಯೋಕೆಮಿಸ್ಟ್ರಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದಾರಿ ಎಸ್‌ಎಂಪಿ. ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ ಅಂತ, ಒಂದೋ ಎರಡೋ ವರ್ಷದ ಮಾಸ್ಟರ್ಸ್. ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಪಾಠಗಳನ್ನೇ ಅಥವಾ ಅದೇ ಮಟ್ಟದ ಪಾಠಗಳನ್ನು ಓದಿಸುತ್ತಾರೆ. ಜಾರ್ಜ್‌ಟೌನ್‌ನದ್ದು ಇವುಗಳಲ್ಲಿ ಹಳೆಯದು, 1970ರ ದಶಕದಿಂದ ಇದೆ. ಕೆಲವು ಕಡೆ ಇಂತಿಷ್ಟು ಗ್ರೇಡು ಬಂದರೆ ಅದೇ ಕಾಲೇಜಿನಲ್ಲಿ ಸಂದರ್ಶನ ಖಾತ್ರಿ ಅಂತ ಬರೆದುಕೊಡುತ್ತಾರೆ, ಅಂಥದ್ದೇ ಸಿಕ್ಕರೆ ಒಳ್ಳೆಯದು. ಆದರೆ ಎರಡು ವಿಷಯ ತಲೆಯಲ್ಲಿರಲಿ. ಇದು ಮಾಸ್ಟರ್ಸ್ ಆದ್ದರಿಂದ ಈ ಗ್ರೇಡು ನಿಮ್ಮ ಡಿಗ್ರಿ ಜಿಪಿಎಯನ್ನು ಒಂದು ಚೂರೂ ಏರಿಸುವುದಿಲ್ಲ, ಬೇರೆಯಾಗಿಯೇ ತೋರಿಸುತ್ತಾರೆ. 2.8 ಇದ್ದವರು ಮೊದಲು ಪೋಸ್ಟ್‌ಬ್ಯಾಕ್ ಮಾಡಿ 3.0 ದಾಟಿಸಿಕೊಳ್ಳಬೇಕು. ಎರಡನೆಯದು, ಇಲ್ಲಿ ಬಿ ಗ್ರೇಡುಗಳೇ ಬಂದರೆ ಆಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಮೆಡಿಕಲ್ ಮಟ್ಟದ ಪಾಠ ಕೊಟ್ಟು ನೋಡಿದೆವು, ಆಗಲಿಲ್ಲ ಅಂತ ಬರೆದಿಟ್ಟಂತೆ. ಅದಕ್ಕೇ ಇದು ಕೊನೆಯ ಅಸ್ತ್ರ.

ದುಡ್ಡಿನ ಲೆಕ್ಕ ಈಗ ಬದಲಾಗಿದೆ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಓದಿನ ಪೂರ್ತಿ ಖರ್ಚಿಗೆ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಮಾಸ್ಟರ್ಸ್‌ಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್ ಮಾತ್ರ, ಮೆಡಿಕಲ್‌ಗೆ ವರ್ಷಕ್ಕೆ 50,000, ಒಟ್ಟು 2,00,000. ಮೊದಲೆಲ್ಲ ಎಸ್‌ಎಂಪಿ ಫೀಸು ಪೂರ್ತಿ ಸಾಲದಲ್ಲೇ ಕಟ್ಟುತ್ತಿದ್ದರು, ಈಗ ಉಳಿದದ್ದಕ್ಕೆ ಬ್ಯಾಂಕಿಗೆ ಹೋಗಬೇಕು ಅಥವಾ ಮನೆಯಿಂದ ತರಬೇಕು. ಸೇರುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಈ ಮಾತು ಬಾಯಿಬಿಟ್ಟು ಆಡಿ.

ಐದನೆಯದು: ಎಂಕ್ಯಾಟ್, ಆದರೆ ಈಗಲೇ ಅಲ್ಲ

ಎಂಕ್ಯಾಟ್ ಸ್ಕೋರು 472ರಿಂದ 528ರ ತನಕ. ನಾಲ್ಕು ಭಾಗ, ಒಂದೊಂದಕ್ಕೆ 118ರಿಂದ 132. 500 ಅಂದರೆ ಹೆಚ್ಚುಕಮ್ಮಿ ನಡುವಿನ ಸ್ಥಾನ, 515 ಬಂದರೆ ಬರೆದವರಲ್ಲಿ ಸುಮಾರು ಶೇ. 90 ಜನರಿಗಿಂತ ಮೇಲೆ. ಪರೀಕ್ಷೆ ಹಾಲಿನಲ್ಲಿ ಏಳೂವರೆ ಗಂಟೆ ಕೂರಬೇಕು.

ಕಡಿಮೆ ಜಿಪಿಎ ಇರುವವರಿಗೆ ಇದು ಅಳಿಸಲಾಗದ ಹಳೆಯದಕ್ಕೆ ಎದುರಾಗಿ ಇಡಬಹುದಾದ ಹೊಸ ಸಾಕ್ಷಿ. ಎಂಡಿಗೆ ನೋಡುತ್ತಿದ್ದರೆ ಸರಾಸರಿಗಿಂತ ಮೇಲೆ, 513-515ರ ಗುರಿ ಇಟ್ಟುಕೊಳ್ಳಿ. ಡಿಓಗೆ 505ಕ್ಕಿಂತ ಮೇಲೆ. ಎಎಎಂಸಿ ಪ್ರತಿ ವರ್ಷ ಒಂದು ಪಟ್ಟಿ ಹಾಕುತ್ತದೆ, ಜಿಪಿಎ ಇಷ್ಟು, ಎಂಕ್ಯಾಟ್ ಇಷ್ಟು ಇದ್ದವರಲ್ಲಿ ಎಷ್ಟು ಜನರಿಗೆ ಸೀಟು ಸಿಕ್ಕಿತು ಅಂತ. ನಿಮ್ಮ ಜಿಪಿಎ ಸಾಲಿನಲ್ಲಿ ಬೆರಳಿಟ್ಟು ಎಡದಿಂದ ಬಲಕ್ಕೆ ಹೋಗಿ ನೋಡಿ, ಎಂಕ್ಯಾಟ್ ಏರಿದಂತೆ ಶೇಕಡಾವಾರು ಹೇಗೆ ಏರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಈ ಪರೀಕ್ಷೆಯನ್ನು ವರ್ಷಕ್ಕೆ 3 ಸಲ, ಎರಡು ವರ್ಷದಲ್ಲಿ 4 ಸಲ, ಜೀವನದಲ್ಲಿ 7 ಸಲ ಮಾತ್ರ ಬರೆಯಬಹುದು. ಹಳೆಯ ಸ್ಕೋರೆಲ್ಲ ಕಾಲೇಜಿಗೆ ಕಾಣುತ್ತದೆ. ಹಾಗಾಗಿ "ಹೇಗಿರುತ್ತೆ ನೋಡೋಣ" ಅಂತ ಬರೆಯಬೇಡಿ, ಅದಕ್ಕೆ ಎಎಎಂಸಿಯದೇ ಮಾದರಿ ಪರೀಕ್ಷೆಗಳಿವೆ. ಅವುಗಳಲ್ಲಿ ಎರಡು ಮೂರು ಸಲ ಗುರಿ ಮುಟ್ಟಿದ ಮೇಲೆ ದಿನಾಂಕ ಹಿಡಿಯಿರಿ. ಸ್ಕೋರು ಹೆಚ್ಚಿನ ಕಡೆ ಎರಡು ಮೂರು ವರ್ಷ ಮಾತ್ರ ನಡೆಯುತ್ತದೆ, ಪೋಸ್ಟ್‌ಬ್ಯಾಕ್ ಶುರುವಿಗೆ ಮೊದಲೇ ಬರೆದರೆ ಅರ್ಜಿ ಹಾಕುವ ಹೊತ್ತಿಗೆ ಹಳಸಿರುತ್ತದೆ. ಓದುವ ಭಾಗ, ಅಂದರೆ ಕಾರ್ಸ್, ನಮ್ಮ ಮಕ್ಕಳನ್ನು ಜಾಸ್ತಿ ಸತಾಯಿಸುತ್ತದೆ. ಅದಕ್ಕೆ ಬಾಯಿಪಾಠ ನಡೆಯಲ್ಲ, ದಿನಾ ಒಂದೆರಡು ಪ್ಯಾಸೇಜ್ ತಿಂಗಳುಗಟ್ಟಲೆ ಮಾಡಬೇಕು.

ಆರನೆಯದು: ಆಸ್ಪತ್ರೆಯ ಕೆಲಸ

ಸ್ಕ್ರೈಬ್ (ಡಾಕ್ಟರ ಪರವಾಗಿ ಟಿಪ್ಪಣಿ ಬರೆಯುವವರು), ಮೆಡಿಕಲ್ ಅಸಿಸ್ಟೆಂಟ್, ಆಂಬುಲೆನ್ಸಿನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡುವವರು), ನರ್ಸಿಂಗ್ ಅಸಿಸ್ಟೆಂಟ್, ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ) ಸ್ವಯಂಸೇವೆ, ಯಾವುದಾದರೂ ಒಂದನ್ನು ಹಿಡಿದು ಬಿಡದೆ ಮಾಡಿ. ಹತ್ತು ಕಡೆ ಹತ್ತು ಹತ್ತು ಗಂಟೆಗಿಂತ ಒಂದೇ ಕಡೆ ವರ್ಷ ಕೆಲಸ ಮಾಡಿದವರ ಅರ್ಜಿಯಲ್ಲಿ ಸತ್ವ ಇರುತ್ತದೆ. ರೋಗಿಯನ್ನು ಮಂಚದಿಂದ ಎಬ್ಬಿಸಿ ಬಾತ್‌ರೂಮಿಗೆ ನಡೆಸಿಕೊಂಡು ಹೋದವರು ಬರೆಯುವ ಪ್ರಬಂಧಕ್ಕೂ, ಚಿಕ್ಕಪ್ಪನ ಕ್ಲಿನಿಕ್ಕಿನಲ್ಲಿ ಎರಡು ವಾರ ನಿಂತು ನೋಡಿದವರು ಬರೆಯುವುದಕ್ಕೂ ಅಜಗಜಾಂತರ. ಆದರೆ ಎಚ್ಚರ: ಕೋರ್ಸು ನಡೆಯುವಾಗ ಕೆಲಸದ ಗಂಟೆ ಕಡಿಮೆ ಮಾಡಿ. ಈಗ ಮೊದಲ ಆದ್ಯತೆ ಗ್ರೇಡಿಗೆ.

ಏಳನೆಯದು: ಡಿಓ ಬಗ್ಗೆ ಮನೆಯಲ್ಲಿ ಮಾತಾಡಿ

"ಡಿಓ ಅಂದ್ರೆ ಪೂರ್ತಿ ಡಾಕ್ಟ್ರಾ? ಊರಲ್ಲಿ ಏನಂತ ಹೇಳೋದು?" ಈ ಪ್ರಶ್ನೆ ಎಷ್ಟೋ ಮನೆಯಲ್ಲಿ ಬರುತ್ತದೆ. ಹೌದು, ಪೂರ್ತಿ ಡಾಕ್ಟರ್. ಔಷಧ ಬರೆಯುತ್ತಾರೆ, ಸರ್ಜರಿ ಮಾಡುತ್ತಾರೆ, ಐವತ್ತೂ ರಾಜ್ಯಗಳಲ್ಲಿ ಲೈಸೆನ್ಸ್ ಸಿಗುತ್ತದೆ. ಮೊದಲ ಕಾಲೇಜು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರುವಾಯಿತು. ಈಗ ಅಮೆರಿಕದಲ್ಲಿ ಮೆಡಿಕಲ್ ಓದುವ ನಾಲ್ವರಲ್ಲಿ ಒಬ್ಬರು ಡಿಓ ಕಾಲೇಜಿನವರು. 2020ರಿಂದ ಎಂಡಿ, ಡಿಓ ಎರಡೂ ಕಡೆಯವರ ರೆಸಿಡೆನ್ಸಿಗೆ (ಮೆಡಿಕಲ್ ಡಿಗ್ರಿ ಆದ ಮೇಲಿನ ಆಸ್ಪತ್ರೆ ತರಬೇತಿ) ಮಾನ್ಯತೆ ಕೊಡುವುದು ಒಂದೇ ಸಂಸ್ಥೆ. ಇತ್ತೀಚಿನ ವರ್ಷಗಳಲ್ಲಿ ಕೊನೆಯ ವರ್ಷದ ಡಿಓ ವಿದ್ಯಾರ್ಥಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿಗೆ ರೆಸಿಡೆನ್ಸಿ ಸಿಕ್ಕಿದೆ.

ಡರ್ಮಟಾಲಜಿ, ನ್ಯೂರೋಸರ್ಜರಿಯಂಥ ಕಡೆ ಡಿಓಗಳಿಗೆ ಇನ್ನೂ ಕಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ 3.2 ಇಟ್ಟುಕೊಂಡು ಡಿಓಗೆ ಅರ್ಜಿಯನ್ನೇ ಹಾಕದವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಒಬ್ಬ ಡಿಓ ಡಾಕ್ಟರ ಜೊತೆ ಕೆಲವು ದಿನ ಶಾಡೋಯಿಂಗ್ ಮಾಡಿ (ಪಕ್ಕದಲ್ಲಿದ್ದು ಅವರ ಕೆಲಸ ನೋಡಿ), ಅವರಿಂದ ಒಂದು ಶಿಫಾರಸು ಪತ್ರ ತೆಗೆದುಕೊಳ್ಳಿ. ಹಲವು ಡಿಓ ಕಾಲೇಜುಗಳು ಅದನ್ನು ಕೇಳುತ್ತವೆ.

ಎಂಟನೆಯದು: ಕಾಲೇಜುಗಳ ಪಟ್ಟಿ, ವೀಸಾ

ಎಎಎಂಸಿಯ ಎಂಎಸ್‌ಎಆರ್ ಎಂಬ ಡೇಟಾಬೇಸಿಗೆ ದುಡ್ಡು ಕೊಟ್ಟರೂ ನಷ್ಟವಿಲ್ಲ. ಪ್ರತಿ ಕಾಲೇಜಿಗೆ ಸೇರಿದವರ ಜಿಪಿಎ ಎಲ್ಲಿಂದ ಎಲ್ಲಿಯ ತನಕ ಇದೆ ಅಂತ ತೋರಿಸುತ್ತದೆ. ನಿಮ್ಮದು ಅತಿ ಕೆಳಗಿನ ಶೇ. 10ಕ್ಕಿಂತಲೂ ಕೆಳಗಿದ್ದರೆ ಆ ಕಾಲೇಜಿನ ಹೆಸರಿಗೆ ಮರುಳಾಗಬೇಡಿ. ನಿಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳನ್ನೆಲ್ಲ ಸೇರಿಸಿ, ಬೇರೆ ರಾಜ್ಯದವರನ್ನು ಬೆರಳೆಣಿಕೆಯಷ್ಟು ಮಾತ್ರ ತೆಗೆದುಕೊಳ್ಳುವ ಸರ್ಕಾರಿ ಕಾಲೇಜುಗಳನ್ನು ಬಿಡಿ.

ಟೆಕ್ಸಸ್‌ನವರಿಗೆ ಒಂದು ವಿಶೇಷ ಇದೆ. ಅಲ್ಲಿಯ ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಕಾನೂನಿನಡಿ ಮತ್ತೆ ಸೇರಿ ಓದಿದರೆ 10 ವರ್ಷಕ್ಕಿಂತ ಹಳೆಯ ಕ್ರೆಡಿಟ್ಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಟೆಕ್ಸಸ್‌ನ ಸ್ವಂತ ಅರ್ಜಿ ಸೇವೆಯೂ ಅದನ್ನು ಒಪ್ಪುತ್ತದೆ. ಕೆಟ್ಟದ್ದರ ಜೊತೆ ಒಳ್ಳೆಯದೂ ಹೋಗುತ್ತದೆ, ಆಮ್ಕ್ಯಾಸ್ ಮಾತ್ರ ಇದನ್ನು ಒಪ್ಪುವುದಿಲ್ಲ. ಮೂವತ್ತೈದರಲ್ಲಿ ಮತ್ತೆ ಶುರು ಮಾಡುವವರಿಗೆ ಇದು ಚಿನ್ನದಂಥ ಅವಕಾಶ.

ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಬೆಳೆದ ಮಕ್ಕಳ ಕಷ್ಟ ಬೇರೆ. ಗ್ರೀನ್ ಕಾರ್ಡ್ ಸರತಿ ಮುಗಿಯುವ ಮೊದಲೇ 21 ತುಂಬಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಬಹಳಷ್ಟು ಮೆಡಿಕಲ್ ಕಾಲೇಜುಗಳು ನಾಗರಿಕರನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಫೆಡರಲ್ ಸಾಲವೂ ಇಲ್ಲ, ಕೆಲವು ಕಡೆ ಫೀಸಿನ ದುಡ್ಡನ್ನು ಮೊದಲೇ ಇಟ್ಟು ತೋರಿಸಿ ಅನ್ನುತ್ತಾರೆ. ಕಡಿಮೆ ಜಿಪಿಎ, ಜೊತೆಗೆ ಎಫ್-1 ಅಂದರೆ ಪಟ್ಟಿ ತುಂಬ ಸಣ್ಣದಾಗುತ್ತದೆ. ಪೋಸ್ಟ್‌ಬ್ಯಾಕ್‌ಗೆ ದುಡ್ಡು ಸುರಿಯುವ ಮೊದಲೇ, ನಿಮ್ಮ ವೀಸಾ ಇರುವವರನ್ನು ತೆಗೆದುಕೊಳ್ಳುವ ಕಾಲೇಜುಗಳಿಗೆ ಒಂದೊಂದಕ್ಕೂ ಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ.

ಒಂಬತ್ತನೆಯದು: ಪ್ರಬಂಧ, ಪತ್ರಗಳು, ಅರ್ಜಿಯ ಕಾಲ

ಮುಖ್ಯ ಪ್ರಬಂಧಕ್ಕೆ 5,300 ಅಕ್ಷರದ ಜಾಗ. ಅದರಲ್ಲಿ ಜಿಪಿಎ ಬಗ್ಗೆ ಮೂರು ನಾಲ್ಕು ಸಾಲು ಸಾಕು, ಅಥವಾ ಕಾಲೇಜುಗಳು ಆಮೇಲೆ ಕಳಿಸುವ ಸೆಕೆಂಡರಿ ಪ್ರಶ್ನೆಗಳಲ್ಲಿ ಬರೆಯಿರಿ. ಬರೆಯುವ ಕ್ರಮ ಹೀಗಿರಲಿ: "ಮೊದಲ ಎರಡು ವರ್ಷ ಮನೆ ಖರ್ಚಿಗಾಗಿ ವಾರಕ್ಕೆ 25 ಗಂಟೆ ಕೆಲಸ ಮಾಡುತ್ತಿದ್ದೆ, ಸಹಾಯ ಕೇಳಲಿಲ್ಲ, ಗ್ರೇಡು ಬಿತ್ತು. ಮೂರನೇ ವರ್ಷ ಕೆಲಸ ಕಡಿಮೆ ಮಾಡಿದೆ, ಪ್ರೊಫೆಸರ ಆಫೀಸ್ ಸಮಯಕ್ಕೆ ಪ್ರತಿ ವಾರ ಹೋದೆ. ಕೊನೆಯ 40 ಕ್ರೆಡಿಟ್‌ನಲ್ಲಿ 3.9 ಬಂದಿದೆ." ಆದದ್ದು, ನೀವು ಬದಲಿಸಿದ್ದು, ಫಲ. ಅಷ್ಟೇ. ಪ್ರೊಫೆಸರನ್ನು ದೂರಬೇಡಿ, ಗೋಳಾಡಬೇಡಿ. ಕುಟುಂಬದ ಕಷ್ಟ ಹೇಳಿಕೊಳ್ಳಲು ಆಮ್ಕ್ಯಾಸ್‌ನಲ್ಲಿ 1,325 ಅಕ್ಷರದ ಬೇರೆ ಜಾಗವೂ ಇದೆ, ನಿಜವಾಗಿ ಇದ್ದರೆ ಮಾತ್ರ ತುಂಬಿ.

ಶಿಫಾರಸು ಪತ್ರ ಹೊಸ ಕೋರ್ಸುಗಳ ಪ್ರೊಫೆಸರುಗಳಿಂದ ಬರಲಿ. ಅದಕ್ಕೆ ಸೆಮಿಸ್ಟರಿನ ಮೊದಲ ವಾರದಿಂದಲೇ ಅವರಿಗೆ ನಿಮ್ಮ ಮುಖ ಪರಿಚಯ ಇರಬೇಕು.

ಆಮ್ಕ್ಯಾಸ್ ಮೇ ಮೊದಲ ವಾರದಲ್ಲಿ ತೆರೆಯುತ್ತದೆ, ಮೇ ಕೊನೆಗೆ ಸಲ್ಲಿಸಬಹುದು, ಜೂನ್ ಕೊನೆಗೆ ಕಾಲೇಜುಗಳಿಗೆ ಹೋಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಪರಿಶೀಲನೆಗೇ ವಾರಗಟ್ಟಲೆ ಹಿಡಿಯುತ್ತದೆ. ಸೀಟು ತುಂಬುತ್ತಾ ಹೋಗುವುದರಿಂದ ಸೆಪ್ಟೆಂಬರಿನಲ್ಲಿ ಹಾಕುವುದಕ್ಕಿಂತ ಮುಂದಿನ ಜೂನ್ ತನಕ ಕಾಯುವುದು ಎಷ್ಟೋ ಮೇಲು, ಅದರಲ್ಲೂ ಜಿಪಿಎ ಕಡಿಮೆ ಇರುವವರಿಗೆ. ಕೊನೆಯ ಸೆಮಿಸ್ಟರಿನ ಒಳ್ಳೆಯ ಗ್ರೇಡು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬಂದ ಮೇಲೆಯೇ ಸಲ್ಲಿಸಿ.

ಕೆರಿಬಿಯನ್ ಮತ್ತು ಇಂಡಿಯಾ

ಇವೆರಡನ್ನೂ ಜನ ಕೇಳುತ್ತಾರೆ. ಕೆರಿಬಿಯನ್ ದ್ವೀಪಗಳ ಕಾಲೇಜುಗಳು ಕಡಿಮೆ ಜಿಪಿಎ ಇದ್ದರೂ ಬೇಗ ಕರೆದು ಸೀಟು ಕೊಡುತ್ತವೆ. ಅಲ್ಲಿ ಸೇರುವುದಕ್ಕಿಂತ ಮುಗಿಸುವುದು ಕಷ್ಟ, ನಡುವೆ ಬಿಟ್ಟವರಿಗೆ ಸಾಲ ಮಾತ್ರ ಉಳಿಯುತ್ತದೆ. ಹೊರಗೆ ಓದಿ ಬಂದ ಅಮೆರಿಕನ್ನರಲ್ಲಿ ರೆಸಿಡೆನ್ಸಿ ಸಿಗುವವರು ಇತ್ತೀಚೆಗೆ ಮೂವರಲ್ಲಿ ಇಬ್ಬರು, ಅದೂ ಅಲ್ಲಿಯ ತನಕ ತಲುಪಿದವರ ಲೆಕ್ಕ. ಎರಡು ಸಲ ಚೆನ್ನಾಗಿ ತಯಾರಾಗಿ ಎಂಡಿ, ಡಿಓ ಎರಡಕ್ಕೂ ಹಾಕಿ ಸಿಗದಿದ್ದರೆ ಮಾತ್ರ ಯೋಚಿಸಿ.

ಇಂಡಿಯಾದಲ್ಲಿ ಡಿಗ್ರಿ ಜಿಪಿಎ ಯಾರೂ ನೋಡುವುದಿಲ್ಲ, ಆದರೆ ನೀಟ್ ಬರೆಯಲೇಬೇಕು. 2021ರ ಮಾರ್ಚ್ 4ರ ಆದೇಶದ ನಂತರ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತ ಮೂಲದವರ ಕಾರ್ಡ್) ಪಡೆದವರಿಗೆ ಎನ್‌ಆರ್‌ಐ ಸೀಟು ಮಾತ್ರ, ಫೀಸು ಅದಕ್ಕೆ ತಕ್ಕಂತೆ ಇರುತ್ತದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ವಾಪಸ್ ಬಂದು ಇಲ್ಲೇ ಡಾಕ್ಟರ್ ಆಗಬೇಕಾದರೆ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಪಾಸು ಮಾಡಿ, ಮತ್ತೆ ಅದೇ ರೆಸಿಡೆನ್ಸಿ ಸಾಲಿನಲ್ಲಿ ನಿಲ್ಲಬೇಕು.

ಒಂದು ಸಲ ಹಾಕಿ ಸಿಗದವರು ಅದೇ ಅರ್ಜಿಯನ್ನು ಮರುವರ್ಷ ಕಳಿಸಬೇಡಿ. ತಿರಸ್ಕರಿಸಿದ ಕಾಲೇಜುಗಳಿಗೆ ವಸಂತದಲ್ಲಿ ಮೇಲ್ ಬರೆದು, ನನ್ನ ಅರ್ಜಿಯಲ್ಲಿ ಏನು ಕಡಿಮೆ ಇತ್ತು ಅಂತ ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ, ಕೆಲವರು ಫೋನಿನಲ್ಲಿ ಕಾಲು ಗಂಟೆ ಮಾತಾಡುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಂಡು, ಅದನ್ನು ಸರಿಪಡಿಸಲು ಒಂದು ವರ್ಷ ಬೇಕೋ ಎರಡು ಬೇಕೋ ನೋಡಿ, ಆಮೇಲೆ ಮುಂದಿನ ಅರ್ಜಿಯ ದಿನಾಂಕ ಹಾಕಿಕೊಳ್ಳಿ.